ಹಾಲಿನ ಲೆಕ್ಕ ಹೇಳದ ಬೀದಿ

ಮಗಳಿಗೆ ನಾಗಮಂಗಲದಲ್ಲಿ ಕೆಲಸ ಸಿಕ್ಕಿದಾಗ ನಾನು ಮೊದಲು ಮಾಡಿದ್ದು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದು. ಆಮೇಲೆ, ಅದು ಏನು ಕೆಲಸ ಅಂತ ಕೇಳಿದ್ದು.

ದನಗಳ ಆರೋಗ್ಯದ ಬಗ್ಗೆ ಕೆಲಸ ಮಾಡುವ ಸಂಸ್ಥೆಯೊಂದು ಅವಳನ್ನು ತೆಗೆದುಕೊಂಡಿತ್ತು. ಪಶುವೈದ್ಯರ ತಲೆಯಲ್ಲಿರುವ ತಿಳಿವಳಿಕೆಯನ್ನು ಕಂಪ್ಯೂಟರಿಗೆ ತುಂಬಬೇಕು. ಡಾಕ್ಟರು ಸಿಗದ ಹೊತ್ತಿನಲ್ಲಿ ಹಸು ಸಾಕಿದ ಹೆಂಗಸರು ಫೋನಿನಲ್ಲಿ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತಾ ಹೋದರೆ, ಕೊನೆಗೆ ಅದು ಹಸುವಿಗೆ ಏನಾಗಿದೆ, ಏನು ಮಾಡಬೇಕು ಅಂತ ಹೇಳಬೇಕು. ಅದಕ್ಕೆ ಎಕ್ಸ್‌ಪರ್ಟ್ ಸಿಸ್ಟಮ್ ಅಂತ ಹೆಸರಂತೆ. "ಡಾಕ್ಟ್ರನ್ನ ಡಬ್ಬಿಗೆ ಹಾಕೋದು ಅನ್ನು" ಅಂದರು ನಮ್ಮ ಯಜಮಾನರು. ಅವರು ಬಾಗಿಲು ಕಿಟಕಿ ಮಾಡುವ ಆಚಾರಿಗಳು. ಯಾವ ವಿಷಯವಾದರೂ ಅವರಿಗೆ ಕೈಗೆ ಸಿಗುವ ಹಾಗೆ ಹೇಳಬೇಕು.

ಕೆಲಸ ಕಾಯಂ ಅಲ್ಲ. ಪಾಂಡವಪುರದ ಕಡೆಯ ನಮ್ಮ ಊರಿನಲ್ಲೇ ಅದನ್ನು ಮೊದಲು ಬಳಸಿ ನೋಡಬೇಕು, ಆಫೀಸಿನವರು ಬಂದು ಪರೀಕ್ಷೆ ಮಾಡುತ್ತಾರೆ, ಸರಿಬಂದರೆ ಮಗಳನ್ನು ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಅವಳು ಓದು ಮುಗಿಸಿ ಮನೆಯಲ್ಲಿ ಕೂತು ಸವೆದುಹೋಗಿದ್ದಳು. ಆ ಕೆಲಸ ಬಂದ ಮೇಲೆ ಊಟದ ತಟ್ಟೆ ಮುಂದೆ ಮಾತಾಡಲು ಶುರು ಮಾಡಿದಳು. ನನಗೆ ಅಷ್ಟೇ ಸಾಕಿತ್ತು. ಶ್ರೀರಂಗಪಟ್ಟಣಕ್ಕೆ ಹೋಗಿ ನಿಮಿಷಾಂಬೆಗೆ ಕೈಮುಗಿದು, ಇದೊಂದು ನಿಲ್ಲಲಿ ತಾಯಿ, ಬೇರೆ ಏನೂ ಕೇಳಲ್ಲ ಅಂತ ಬಂದೆ.

ಮೊದಲ ತಲೆನೋವು ಟೂಲಿನದು. ಕಂಪ್ಯೂಟರಿಗೆ ಬುದ್ಧಿ ತುಂಬಲು ಬೇರೆ ಬೇರೆ ಟೂಲುಗಳು ಇರುತ್ತವಂತೆ, ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮಗಳು ಯಜಮಾನರ ಕೆಲಸದ ಜಗುಲಿಯಲ್ಲಿ, ಮರದ ಹೊಟ್ಟಿನ ಮಧ್ಯೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದಳು. ನಾನು ಸೊಪ್ಪು ಬಿಡಿಸುತ್ತಾ ಪಕ್ಕದಲ್ಲಿರುತ್ತಿದ್ದೆ.

ಒಂದು ಟೂಲು ತುಂಬ ಹಳೆಯದು, ಗಟ್ಟಿಯದು. ಹಿಂಗಿದ್ದರೆ ಹಂಗೆ ಅಂತ ಎಷ್ಟು ರೂಲು ಬೇಕಾದರೂ ಬರೆಯಬಹುದು. ಹೇಳುವವರ ಮಾತನ್ನು ಎಷ್ಟು ನಂಬಬೇಕು ಅನ್ನುವುದನ್ನೂ ಅದರಲ್ಲಿ ತೂಕ ಹಾಕಿ ಇಡಬಹುದಂತೆ. ಆದರೆ ಕನ್ನಡ ಹಾಕಿದರೆ ಅಕ್ಷರದ ಬದಲು ಖಾಲಿ ಚೌಕಗಳು ಬರುತ್ತಿದ್ದವು. ಇನ್ನೊಂದು ಈಗಿನ ಕಾಲದ್ದು, ಮಾತಾಡಿದರೆ ಮಾತಾಡುತ್ತದೆ. ಹಸುವಿನ ಹೊಟ್ಟೆ ಉಬ್ಬರಿಸಿದೆ ಅಂತ ಮಗಳು ಟೈಪು ಮಾಡಿದಳು. ಅದು ಭಾಷಣದ ಕನ್ನಡದಲ್ಲಿ ಉದ್ದಕ್ಕೆ ಉತ್ತರ ಕೊಟ್ಟಿತು. ಎಲ್ಲಿಂದ ತೆಗೆದು ಹೇಳಿತು ಅಂತ ಕೇಳಿದರೆ ಕ್ಷಮೆ ಕೇಳಿ ಬೇರೆ ಉತ್ತರ ಕೊಟ್ಟಿತು. "ಇದನ್ನ ನಂಬಿ ಯಾರ ಹಸೂನಾದ್ರೂ ಕಳಕೊಂಡ್ರೆ ನಂಗೆ ಪಾಪ ಸುತ್ತುತ್ತೆ ಅಮ್ಮ" ಅಂದಳು ಮಗಳು. ಮೂರನೆಯದು ಮರದ ಹಾಗೆ. ಬುಡದಲ್ಲಿ ಒಂದು ಪ್ರಶ್ನೆ, ಅದರ ಉತ್ತರದಿಂದ ಕೊಂಬೆ, ಕೊಂಬೆಯಿಂದ ಇನ್ನೊಂದು ಪ್ರಶ್ನೆ. ಬರೆಯಲು ಸುಲಭ, ಫೋನಿನಲ್ಲಿ ಓಡುತ್ತದೆ, ಕನ್ನಡ ಮುತ್ತಿನ ಹಾಗೆ ಕಾಣುತ್ತದೆ. ಆದರೆ ಅನುಮಾನ ಅನ್ನುವುದು ಅದಕ್ಕೆ ಗೊತ್ತಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತದೆ. ಬುಡದ ಪ್ರಶ್ನೆ ಬದಲಾಯಿಸಬೇಕಾದರೆ ಇಡೀ ಮರ ಕಡಿದು ಮತ್ತೆ ನೆಡಬೇಕು.

"ಯಾವುದು ಅಮ್ಮ?" ಅಂತ ನನ್ನನ್ನು ಕೇಳಿದಳು.

"ನಂಗೇನು ಗೊತ್ತಾಗುತ್ತೆ? ನಮ್ಮ ಹೆಂಗಸರು ಓದೋ ಹಂಗಿರ್ಲಿ ಅಷ್ಟೇ."

ಯಜಮಾನರು ಉಜ್ಜುಗೊರಡು ಕೆಳಗಿಟ್ಟು, "ನಾನು ಮರ ನೋಡಿ ಉಳಿ ತಗೀತೀನಿ. ನೀನು ಉಳಿ ಚೆನ್ನಾಗೈತೆ ಅಂತ ಮರ ಹುಡುಕ್ತಾ ಇದ್ದೀಯ ಕಣವ್ವ" ಅಂದರು.

"ಅಪ್ಪಾ, ಸುಮ್ನಿರಪ್ಪ. ಚೌಕಾನ ಯಾರು ಓದ್ತಾರೆ?"

ಅವರು ಮತ್ತೆ ಉಜ್ಜುಗೊರಡು ಕೈಗೆತ್ತಿಕೊಂಡರು. ಮೂರನೆಯ ಟೂಲೇ ಗಟ್ಟಿಯಾಯಿತು.

ನಮ್ಮ ಕಡೆಯ ದನದ ಡಾಕ್ಟರ ಹತ್ತಿರ ಹೋಗಿ ಹೋಗಿ ಕೇಳಿಕೊಂಡು ಬಂದು ಅವಳು ಮರ ಕಟ್ಟಿದಳು. ಬಿಂಡಿಗನವಿಲೆ ಕಡೆಯ ಕುರಿ ಸಾಕುವವರನ್ನೂ ಮಾತಾಡಿಸಿ ಬಂದಳು, ಮುಂದೆ ಕುರಿಗೂ ಒಂದು ಮಾಡೋಣ ಅಂತ. ಬುಡದ ಪ್ರಶ್ನೆ ಯಾವುದಿರಬೇಕು ಅಂತ ಡಾಕ್ಟರು ಯೋಚಿಸಿ ಹೇಳಿದ್ದರಂತೆ: ಹಸು ಈಗ ದಿನಕ್ಕೆ ಎಷ್ಟು ಹಾಲು ಕೊಡುತ್ತಿದೆ? ಹಸುವಿನ ಒಳಗೆ ಏನೇ ಕೆಟ್ಟರೂ ಮೊದಲು ಗೊತ್ತಾಗುವುದು ಹಾಲಿನಲ್ಲಿ. ಅದು ಸರಿಯಾದ ಮಾತೇ. ಹಾಲು ಜಾತಿಗೆ ತಕ್ಕಷ್ಟು ಇದ್ದರೆ ಮರ ಒಂದು ಕಡೆ ಹೋಗಿ ಬೇಗ ಮುಗಿಯುತ್ತದೆ. ಕಮ್ಮಿ ಇದ್ದರೆ ಕೆಚ್ಚಲು, ಮೇವು, ಮೆಲುಕು, ಸಗಣಿ ಅಂತ ಒಂದೊಂದೇ ಕೇಳುತ್ತಾ ಹೋಗುತ್ತದೆ.

ಬೀದಿಯ ಹೆಂಗಸರ ಫೋನಿಗೆಲ್ಲ ಅದನ್ನು ಹಾಕಿಕೊಟ್ಟಳು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದವರು ಅಲ್ಲೇ ಕಟ್ಟೆ ಮೇಲೆ ಕೂತು ಒತ್ತಿದರು. ಒಂದು ಗಳಿಗೆಗೆಲ್ಲ ಗಲಾಟೆ.

ಮೊದಲು ಬಾಯಿ ತೆಗೆದವಳು ನಮ್ಮ ಪಕ್ಕದ ಮನೆಯ ಅಕ್ಕ. ನನಗಿಂತ ಹಿರಿಯಳು. ನಾನು ಮಾಕವಳ್ಳಿ ಕಡೆಯಿಂದ ಮದುವೆಯಾಗಿ ಬಂದಾಗ ನನಗೆ ಈ ಊರಿನ ದಾರಿ ತೋರಿಸಿದವಳು. ಫೋನು ಎತ್ತಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು.

"ಏನವ್ವಾ, ನಿನ್ ಮಗಳ ಪೋನು ನಮ್ಮ ಅಸೀಗೆ ಕಾಯ್ಲೆ ಅಂತದಲ್ಲ! ಕೆಚ್ಚಲು ನೋಡು, ಜರ ನೋಡು, ಡಾಕ್ಟ್ರನ್ನ ಕರಿ ಅಂತದೆ. ಗುಂಡುಕಲ್ಲಿನಂಗವ್ಳೆ ನಮ್ಮವ್ಳು!"

"ಇನ್ನೊಂದು ಸಲ ಒತ್ತಿ ನೋಡಕ್ಕ, ಎಲ್ಲೋ ತಪ್ಪಾಗಿರಬೇಕು."

"ಎಲ್ಡು ಸಲ ಒತ್ತಿದೆ. ಎಲ್ಡು ಸಲವೂ ಅಂಗೇ ಅಂತು. ಬೆಳ್‌ಬೆಳಿಗ್ಗೆ ಚೆನ್ನಾಗಿರೋದ್ನ ಚೆನ್ನಾಗಿಲ್ಲ ಅಂತ ಬಾಯಲ್ಲಿ ಅನ್ನಿಸ್ಬುಟ್ರೆ ಒಳ್ಳೇದಾ, ನೀನೇ ಏಳು?"

ಅವಳೊಬ್ಬಳಲ್ಲ. ಬೀದಿಯ ಯಾವ ಹಸುವೂ ಅದಕ್ಕೆ ಪಾಸಾಗಲಿಲ್ಲ. "ಊರ್‌ಗೇ ರೋಗ ಅಂಟಿಸ್ಬುಟ್ಲು ಕಣಕ್ಕ ನಿನ್ ಮಗಳು" ಅಂತ ಡೈರಿ ಸಾಲಿನಲ್ಲಿ ನನ್ನನ್ನು ನೋಡಿ ನಕ್ಕರು. ನಗುವವರ ಜೊತೆ ನಾನೂ ನಕ್ಕೆ. ಮನೆಗೆ ಬಂದರೆ ಮಗಳು ಲ್ಯಾಪ್‌ಟಾಪಿನಲ್ಲಿ ಮುಖ ಇಟ್ಟುಕೊಂಡು ಮರದ ಒಂದೊಂದು ಕೊಂಬೆಯನ್ನೂ ಹಿಡಿದು ನೋಡುತ್ತಿದ್ದಳು. ರೂಲು ಸರಿ ಇತ್ತು. ಡಾಕ್ಟರಿಗೆ ಫೋನು ಮಾಡಿ ಓದಿ ಹೇಳಿದಳು. ಅವರೂ ಸರಿ ಇದೆ ಅಂದರು. ಕೆಲವು ದಿನ ಅವಳಿಗೆ ಅನ್ನ ಸೇರಲಿಲ್ಲ. ನನಗೆ ಆ ಡಬ್ಬಿಯ ಒಳಗೆ ಕೈ ಹಾಕಲು ಬರುವುದಿಲ್ಲ. ಹೂವು ಏರಿಸಿದೆ, ಮಂಗಳಾರತಿ ಮಾಡಿದೆ. ಅವಳು ಮೊಸರನ್ನವಾದರೂ ಉಂಡಳಲ್ಲ, ಅದೊಂದು ಪುಣ್ಯ ಅಂದುಕೊಂಡೆ.

ಒಂದು ಸಂಜೆ ನಮ್ಮ ಹಸುವಿನ ಹಾಲು ಕರೆದು ಒಳಗೆ ಬರುತ್ತಿದ್ದೆ. ಅಭ್ಯಾಸದಂತೆ ಪಾತ್ರೆಯ ಮೇಲೆ ಸೆರಗು ಮುಚ್ಚಿಕೊಂಡಿದ್ದೆ. "ಅಮ್ಮ, ನಿನ್ನ ಹಸೂಗೇ ಒಂದು ಸಲ ಹಾಕಿ ನೋಡ್ತೀನಿ. ಎಷ್ಟು ಹಾಲು?" ಅಂದಳು ಮಗಳು.

"ಏನೋ, ಮನೆ ಕಾಫಿಗಾಗಿ ಮೇಲೊಂದು ಚೂರು ಡೈರಿಗೆ ಆಗುತ್ತೆ."

"ಲೀಟ್ರಲ್ಲಿ ಹೇಳಮ್ಮ."

"ಒಂದೆರಡೋ ಮೂರೋ."

ಮಗಳು ತಲೆಯೆತ್ತಿ ಪಾತ್ರೆ ನೋಡಿದಳು. ಸೆರಗಿನ ಕೆಳಗೆ ನೊರೆ ತುಳುಕುತ್ತಿತ್ತು. ಅವಳು ನೋಡಿದ್ದನ್ನು ನಾನೂ ನೋಡಿದೆ. ಸೆರಗು ಸರಿಸಿ ಪಾತ್ರೆ ಕೆಳಗಿಟ್ಟೆ.

ಸುಳ್ಳು ಹೇಳಬೇಕು ಅಂತ ನಾನು ಹೇಳಿದ್ದಲ್ಲ. ನಮ್ಮ ಕಡೆ ಹಸುವಿನ ಹಾಲನ್ನು ಇದ್ದಷ್ಟು ಅಂತ ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ, ಮಾರನೆಯ ದಿನವೇ ಹಸು ಕಾಲು ಝಾಡಿಸುತ್ತದೆ. ನಮ್ಮ ಅತ್ತೆ ಹಾಗೇ ಕಲಿಸಿದ್ದರು, ಅವರಿಗೆ ಅವರ ಅತ್ತೆ. ಕರು ಹುಟ್ಟಿದರೂ ಚೆನ್ನಾಗಿದೆ ಅನ್ನುವುದಿಲ್ಲ, ಏನೋ ಇದೆ ಅನ್ನುತ್ತೇವೆ. ಡೈರಿಯಲ್ಲಿ ಅಳೆಯುತ್ತಾರೆ, ನಿಜ. ಆದರೆ ಅಲ್ಲಿಗೆ ಹೋಗುವುದು ಮನೆಯ ಹಾಲು. ನಾಕಾರು ಹಸುವಿನದು ಒಂದೇ ಕ್ಯಾನಿಗೆ, ಮಕ್ಕಳಿಗೆ ಮೊಸರಿಗೆ ಎತ್ತಿಟ್ಟು ಉಳಿದದ್ದು. ಯಾವ ಹಸುವಿನದು ಎಷ್ಟು ಅಂತ ಆ ಹೆಂಗಸಿಗೂ ದೇವರಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

"ನಂಗೂ ಗೊತ್ತಿತ್ತು ಅಮ್ಮ. ಚಿಕ್ಕವಳಿದ್ದಾಗ ಅಜ್ಜಿ ಬೈತಿದ್ರು. ಇಲ್ಲಿಗೆ ಸೇರಿಸಿ ನೋಡ್ಲೇ ಇಲ್ಲ" ಅಂದಳು. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಗ ಅವಳು ಹೇಳಿದ್ದು ಇಷ್ಟು. ಹಳೆಯ ಟೂಲಾಗಿದ್ದರೆ ಹಾಲಿನ ಮಾತಿಗೆ ತೂಕ ಕಮ್ಮಿ ಮಾಡಿ, ಸಗಣಿ ಮೆಲುಕಿನ ಮಾತಿಗೆ ಜಾಸ್ತಿ ಮಾಡಬಹುದಿತ್ತು. ಇದರಲ್ಲಿ ಆಗುವುದಿಲ್ಲ. ಎಷ್ಟು ಹಾಲು ಅನ್ನುವುದನ್ನು ತೆಗೆದು, ಮೊನ್ನೆಗಿಂತ ಕಮ್ಮಿಯಾಗಿದೆಯಾ ಅಂತ ಬುಡದಲ್ಲಿ ಕೇಳಬಹುದು. ಅದಕ್ಕೆ ಇಡೀ ಮರ ಕಡಿಯಬೇಕು. ಆಫೀಸಿನವರು ಬರುವ ದಿನ ಹತ್ತಿರದಲ್ಲಿದೆ, ದಿನ ಮುಂದೂಡಿ ಅಂತ ಕೇಳಿದ್ದಕ್ಕೆ ಆಗುವುದಿಲ್ಲ ಅಂದಿದ್ದಾರೆ. ಅವಳು ಕಡಿಯಲು ಶುರು ಮಾಡಿದಳು. ಹಗಲೆಲ್ಲ ಕೂತು ಹಳೆಯ ಕೊಂಬೆ ಬಿಡಿಸಿ ಹೊಸದಕ್ಕೆ ಕಟ್ಟುತ್ತಿದ್ದಳು. ಮುಗಿಯುವ ಹಾಗೆ ಕಾಣಲಿಲ್ಲ.

ನನಗೆ ಕೂರಲು ಆಗಲಿಲ್ಲ. ನನ್ನ ಕೈಲಾದ ಒಂದೇ ಕೆಲಸ ಬಾಯಿಮಾತು. ಡೈರಿ ಸಾಲಿನಲ್ಲಿ ನಿಂತು ಹೆಂಗಸರನ್ನು ಬೇಡಿಕೊಂಡೆ. "ಅವ್ವಂದಿರಾ, ಅಕ್ಕಂದಿರಾ, ಆಫೀಸಿನವರು ಬಂದಾಗ ಹಾಲು ಕಮ್ಮಿ ಹೇಳಬೇಡಿ. ನೀವು ಕಮ್ಮಿ ಹೇಳಿದ್ರೆ ಅದು ಕಾಯಿಲೆ ಅನ್ನುತ್ತೆ, ನನ್ನ ಮಗಳ ಕೆಲಸ ಹೋಗುತ್ತೆ. ದೃಷ್ಟಿ ಆಗದ ಹಂಗೆ ನಾನು ಎಲ್ಲರ ಹಸೂಗೂ ನಿವಾಳಿಸಿ ಬರ್ತೀನಿ."

"ಇಷ್ಟೇ ತಾನೆ? ಮೊದ್ಲೇ ಅನ್ಬಾರ್ದಾ?" ಅಂದಳು ಪಕ್ಕದ ಮನೆಯ ಅಕ್ಕ. "ನಮ್ಮ ಮಗೀಗೆ ಕೆಲ್ಸ ನಿಲ್ಲೋದಾದ್ರೆ ನಾವು ಅಷ್ಟು ಮಾಡಾಕಿಲ್ವಾ?"

ಎಲ್ಲರೂ ಹೂಂ ಅಂದರು. ಅವರ ಒಳ್ಳೆ ಮನಸ್ಸಿಗೆ ನನ್ನ ಕಣ್ಣು ತುಂಬಿತು. ಆ ದಿನ ಮಗಳಿಗೆ ಸಿಹಿ ಪೊಂಗಲ್ ಮಾಡಿದೆ. ಹೆಂಗಸರಿಗೆ ಹೇಳಿದ್ದನ್ನೂ ಅವಳಿಗೆ ಹೇಳಿದೆ. ಅವಳು, "ಹೊಸ ಮರ ಮುಗಿಯಲ್ಲ ಅಮ್ಮ. ಹಳೇದನ್ನೇ ತೋರಿಸ್ಬೇಕು. ಅವರು ನಿಜ ಹೇಳಿದ್ರೆ ಅದೇ ಸಾಕು" ಅಂದಳು.

ಆಫೀಸಿನವರು ಬಂದ ದಿನ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಪಕ್ಕದ ಕೊಟ್ಟಿಗೆಯಲ್ಲಿ ಪಾತ್ರೆ ಉರುಳಿದ ಸದ್ದಾಯಿತು. ಅಕ್ಕ ಹಸುವನ್ನು ಗದರಿಸುತ್ತಿದ್ದಳು, ಕರುವನ್ನು ಹಿಡಿದೆಳೆಯುತ್ತಿದ್ದಳು. "ಏನಕ್ಕಾ?" ಅಂದೆ. "ಏನಿಲ್ಲ ಕಣವ್ವ, ನೊಣ" ಅಂದಳು. ನೊಣಕ್ಕೆ ಹಸು ಹಾಗೆ ಒದೆಯುವುದಿಲ್ಲ. ನನಗೆ ಗೊತ್ತು. ಅವಳಿಗೂ ಗೊತ್ತು. ಇಲ್ಲದ ಕಾಯಿಲೆಯ ಹೆಸರು ಹೇಗೆ ಎತ್ತುವುದಿಲ್ಲವೋ ಹಾಗೇ ಇರುವ ಕಾಯಿಲೆಯ ಹೆಸರೂ ಎತ್ತುವುದಿಲ್ಲ ನಾವು.

ಡೈರಿ ಜಗುಲಿಯ ಮೇಲೆ ಆಫೀಸಿನ ಮೇಡಂ, ಅವರ ಜೊತೆ ಬಂದ ಇನ್ನೊಬ್ಬ ದನದ ಡಾಕ್ಟರು, ಎದುರಿಗೆ ನಮ್ಮ ಹೆಂಗಸರು. ಮಗಳು ಒಂದು ಕಡೆ ಕೈಕಟ್ಟಿ ನಿಂತಿದ್ದಳು. ನಾನು ಕಂಬದ ಹತ್ತಿರ. ಅವಳು ಫೋನು ಮುಟ್ಟಬಾರದಂತೆ, ಹೆಂಗಸರೇ ಒತ್ತಬೇಕಂತೆ.

ಮೊದಲನೆಯವಳು ಒತ್ತಿದಳು. ಹಸಿರು ಬಣ್ಣದಲ್ಲಿ "ನಿಮ್ಮ ಹಸು ಆರೋಗ್ಯವಾಗಿದೆ" ಅಂತ ಬಂತು. ಎರಡನೆಯವಳಿಗೂ ಹಸಿರು. ಹೆಂಗಸರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಮೇಡಂ ನಗುತ್ತಿದ್ದರು. ನಾನು ಮಾತ್ರ ಬಗ್ಗಿ ಫೋನು ನೋಡಿದೆ. ಅವರು ಒತ್ತಿದ್ದ ಲೆಕ್ಕ ನನಗೆ ಕಾಣುತ್ತಿತ್ತು. ಬೆಟ್ಟದ ಮೇಲಿನ ಒಣಹುಲ್ಲು ಮೇಯುವ ನಾಟಿ ಹಸುಗಳು ಫೋನಿನೊಳಗೆ ಇಡೀ ಬೀದಿಗೆ ಆಗುವಷ್ಟು ಹಾಲು ಕೊಡುತ್ತಿದ್ದವು. ಕಮ್ಮಿ ಹೇಳಬೇಡಿ ಅಂದೆನೇ ಹೊರತು, ಇದ್ದಷ್ಟು ಹೇಳಿ ಅಂತ ನಾನು ಅಂದಿರಲಿಲ್ಲ. ಇದ್ದಷ್ಟು ಹೇಳುವುದು ಅವರ ನಾಲಿಗೆಗೆ ಗೊತ್ತೇ ಇರಲಿಲ್ಲ. ಒಂದೋ ಆ ಕಡೆ, ಇಲ್ಲ ಈ ಕಡೆ.

ಪಕ್ಕದ ಮನೆಯ ಅಕ್ಕನ ಸರದಿ. ಡಾಕ್ಟರೇ ಪ್ರಶ್ನೆ ಓದಿದರು. "ಎಷ್ಟು ಹಾಲು ಕೊಡುತ್ತೆ ಅಮ್ಮ ನಿಮ್ಮ ಹಸು?"

"ಇಪ್ಪತ್ತು ಲೀಟ್ರು ಸಾಮಿ" ಅಂದಳು ಅಕ್ಕ, ನನ್ನ ಮಗಳ ಕಡೆ ಪ್ರೀತಿಯಿಂದ ನೋಡುತ್ತಾ.

ನಾನು ಕಂಬದ ಹಿಂದಿನಿಂದ ಬೇಡ ಅಂತ ತಲೆ ಅಲ್ಲಾಡಿಸಿದೆ. ಅವಳು ಅದನ್ನು ಹುರಿದುಂಬಿಸುವುದು ಅಂದುಕೊಂಡಳೋ ಏನೋ, "ಒಂದೊಂದಿನ ಇನ್ನೂ ಮ್ಯಾಲೆ" ಅಂತ ಸೇರಿಸಿದಳು. ಬಾಯಿಬಿಟ್ಟು ಹೇಳಿದರೆ ಅವಳನ್ನು ಊರ ಮುಂದೆ ಸುಳ್ಳುಗಾತಿ ಮಾಡಿದ ಹಾಗೆ. ಸುಮ್ಮನಿದ್ದರೆ ಮಗಳ ಕೆಲಸಕ್ಕೆ ಕುತ್ತು. ನಾನು ಕಂಬವನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಅಕ್ಕ ಹೇಳಿದಷ್ಟನ್ನೇ ಒತ್ತಿದಳು, ಫೋನು ಹಸಿರಾಯಿತು. ಕೆಚ್ಚಲಿನ ಪ್ರಶ್ನೆ ಕೇಳಲೇ ಇಲ್ಲ. ಹಾಲು ಅಷ್ಟಿದ್ದರೆ ಕೇಳುವ ಅಗತ್ಯವಿಲ್ಲ ಅಂತ ಮರ ಆ ಕಡೆಗೇ ಹೋಗಿಬಿಟ್ಟಿತು.

ಡಾಕ್ಟರು ನಕ್ಕುಬಿಟ್ಟರು. "ಇಪ್ಪತ್ತು ಲೀಟರು! ಅಂಥ ಹಸೂನ ನೋಡಿ ಕೈಮುಗಿದು ಹೋಗೋಣ ನಡೀರಿ" ಅಂದರು. ತಮಾಷೆಗೆ ಅಂದರೋ ನಿಜಕ್ಕೋ, ಎಲ್ಲರೂ ಎದ್ದರು. ಅಕ್ಕ ಮುಂದೆ ಓಡಿಹೋಗಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು. "ಒಳಗೆ ಗಲೀಜೈತೆ ಸಾಮಿ" ಅಂದಳು. ಅಷ್ಟರಲ್ಲಿ ಒಳಗಿನಿಂದ ಹಸು ಕೂಗಿತು.

ಡಾಕ್ಟರು ಕೂತು ಕೆಚ್ಚಲು ಮುಟ್ಟಿದರು. ಒಂದು ಕಡೆ ಕಲ್ಲಾಗಿತ್ತು, ಬಿಸಿಯಾಗಿತ್ತು. ಅಂಗೈಗೆ ಹಿಂಡಿದರೆ ಹಾಲಿನ ಬದಲು ಒಡೆದ ಗರಣೆ ಬಂತು. ನಗು ನಿಂತಿತು. ಅವರು ಬ್ಯಾಗು ತರಿಸಿ ಅಲ್ಲೇ ಸೂಜಿ ಹಾಕಿದರು, ಮೊಲೆಗೆ ಔಷಧಿ ಏರಿಸಿದರು. ಇನ್ನೊಂದೆರಡು ದಿನ ಬಿಟ್ಟಿದ್ದರೆ ಆ ಕಡೆ ಕೆಚ್ಚಲು ಕೈಬಿಟ್ಟುಹೋಗುತ್ತಿತ್ತು ಅಂದರು. ಹಸು ಉಳಿಯಿತು. ಅದನ್ನು ನಾನು ದೇವರ ಲೆಕ್ಕಕ್ಕೆ ಹಾಕುತ್ತೇನೆ. ಮಗಳ ಪರೀಕ್ಷೆ ಇಲ್ಲದಿದ್ದರೆ ಆ ದಿನ ಆ ಕೊಟ್ಟಿಗೆಗೆ ಡಾಕ್ಟರು ಬರುತ್ತಿರಲಿಲ್ಲ.

ಮೇಡಂ ಅಕ್ಕನ ಫೋನು ತೆಗೆದುಕೊಂಡು, ಹಸಿರು ಅಕ್ಷರವನ್ನೂ ಹಸುವನ್ನೂ ಒಂದೊಂದು ಸಲ ನೋಡಿದರು. ಬೈಯಲಿಲ್ಲ. "ಒಳ್ಳೆ ಪ್ರಯತ್ನ ಮಾಡಿದ್ದೀರಿ" ಅಂದರು. ಆ ಮಾತಿನ ಅರ್ಥ ನನಗೂ ಆಯಿತು.

ಅವರು ಹೋದ ಮೇಲೆ ಅಕ್ಕ ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತಳು. "ಒಳ್ಳೇದಾಗ್ಲಿ ಅಂತ ಅಂದೆ ಕಣವ್ವ. ನನ್ ನಾಲ್ಗೆಗೆ ಬೆಂಕಿ ಬೀಳಾ."

"ಬುಡಕ್ಕ, ನಿನ್ನದೇನಿದೆ?" ಅಂದೆ. ಕಾಫಿ ಕೊಟ್ಟೆ. ಮಗಳು ಬಂದು ಅವಳ ಪಕ್ಕ ಕೂತು, "ದೊಡ್ಡವ್ವ, ಸಂಜೆ ಔಷಧಿ ಮರೀಬೇಡ. ಕರೂನ ಆ ಕಡೆ ಮೊಲೆಗೆ ಬಿಡಬೇಡ" ಅಂದಳು. ಅಷ್ಟು ಹೇಳಿ ಎದ್ದು ಹೋದಳು.

ಕೆಲಸ ಮುಂದುವರಿಯುವುದಿಲ್ಲ, ಲ್ಯಾಪ್‌ಟಾಪ್ ವಾಪಸ್ಸು ತಂದುಕೊಡಿ ಅಂತ ಆಫೀಸಿನಿಂದ ಹೇಳಿ ಕಳಿಸಿದರು. ಬರೆದ ರೂಲುಗಳನ್ನಾದರೂ ತೆಗೆದಿಟ್ಟುಕೊಂಡು ಹಳೆಯ ಟೂಲಿಗೆ ಹಾಕಿಕೊಳ್ಳೋಣ ಅಂತ ಮಗಳು ತುಂಬ ಒದ್ದಾಡಿದಳು. ಆ ಟೂಲಿನ ಮರ ಆ ಟೂಲಿನಲ್ಲೇ ಬದುಕಬೇಕಂತೆ, ಕಿತ್ತು ಬೇರೆ ಕಡೆ ನೆಡಲು ಬರುವುದಿಲ್ಲವಂತೆ. ಆರಿಸುವಾಗ ಅದನ್ನು ಕೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಯಜಮಾನರು ಕೇಳುತ್ತಾ ಕೂತಿದ್ದರು. ಈ ಸಲ ಅವರು ಉಳಿಯ ಮಾತು ಎತ್ತಲಿಲ್ಲ. ಲ್ಯಾಪ್‌ಟಾಪಿನ ಬ್ಯಾಗಿಗೆ ಅಂಟಿದ್ದ ಮರದ ಹೊಟ್ಟು ಒರೆಸಿಕೊಟ್ಟರು.

ನಾಗಮಂಗಲಕ್ಕೆ ನಾನೂ ಜೊತೆಗೆ ಹೋದೆ. ಬೇಡ ಅಂದಳು, ಆದರೂ ಹೋದೆ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಆಫೀಸಿನಲ್ಲಿ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಒಬ್ಬರು ಲ್ಯಾಪ್‌ಟಾಪ್ ತೆರೆದು ಏನೇನೋ ಒತ್ತಿ, "ಎಲ್ಲಾ ಅಳಿಸ್ಲಾ ಮೇಡಂ?" ಅಂದರು. ನನ್ನ ಮಗಳನ್ನು ಯಾರೋ ಮೇಡಂ ಅಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅಳಿಸಿ" ಅಂದಳು.

ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ ನಿಧಾನಕ್ಕೆ ತುಂಬುತ್ತಾ ಹೋಯಿತು. ತಡಿ ತಾಯಿ, ತಡಿ, ಅಂತ ಮನಸ್ಸಿನಲ್ಲಿ ಅಂದುಕೊಂಡೆ. ಏನನ್ನು ತಡೆಯಬೇಕು ಅಂತ ನನಗೇ ಗೊತ್ತಿರಲಿಲ್ಲ. ಗೆರೆ ತುಂಬಿತು.

ವಾಪಸ್ಸು ಬರುವಾಗ ಜಕ್ಕನಹಳ್ಳಿಯವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ಅಂದಳು, "ಅಮ್ಮ, ಯಾವ ಪ್ರಶ್ನೆ ಮೊದಲು ಕೇಳಬೇಕಿತ್ತು, ಯಾವುದು ಆಮೇಲೆ, ಎಲ್ಲಾ ಈಗ ಗೊತ್ತಾಗ್ತಿದೆ. ಯಾರಿಗೆ ಹೇಳ್ಲಿ?"

"ನಂಗೇ ಹೇಳವ್ವ" ಅಂದೆ.

ಅವಳು ಹೇಳತೊಡಗಿದಳು. ಹಸು ಇವತ್ತು ಕರು ಹತ್ತಿರ ಬಂದಾಗ ಸುಮ್ಮನೆ ನಿಂತಿತಾ, ಇಲ್ಲದಿದ್ದರೆ ಯಾವ ಕಡೆ ಕಾಲು ಎತ್ತಿತು, ಮೆಲುಕು ಹಾಕುತ್ತಿದೆಯಾ, ಹಾಕುತ್ತಿದ್ದರೆ ಈ ಕಡೆ ಹೋಗಬೇಕು, ಇಲ್ಲದಿದ್ದರೆ ಆ ಕಡೆ. ಬೆರಳಿನಿಂದ ಸೀಟಿನ ಹಿಂಬದಿಯ ಮೇಲೆ ಕೊಂಬೆ ಕೊಂಬೆಯಾಗಿ ಗೆರೆ ಎಳೆಯುತ್ತಿದ್ದಳು. ಮೊದಲ ಒಂದೆರಡು ಕೊಂಬೆ ನನಗೆ ಸಿಕ್ಕವು. ಆಮೇಲೆ ದಾರಿ ತಪ್ಪಿತು. ತಪ್ಪಿತು ಅಂತ ಹೇಳಿದರೆ ನಿಲ್ಲಿಸಿಬಿಡುತ್ತಾಳೆ ಅಂತ, ಪಾಂಡವಪುರ ಬರುವವರೆಗೂ ಹೂಂ ಅನ್ನುತ್ತಾ ಕೂತಿದ್ದೆ.